ಒಂದು ಇಂಚು ಇಪ್ಪತ್ತು ಸೆಂಟು

ನಾನು ಬರೆಯುವುದು ಕವಿತೆ ಎಂದು ನನ್ನ ಹೆಂಡತಿ ಹೇಮಶ್ರೀಯನ್ನು ಒಪ್ಪಿಸುವುದಕ್ಕಿಂತ, ತೋಟದ ಸುತ್ತ ಕಟ್ಟಿದ್ದು ಬೇಲಿ ಎಂದು ಕಾಡಾನೆಯನ್ನು ಒಪ್ಪಿಸುವುದು ಸುಲಭ. ಆನೆಯಾದರೂ ಬೇಲಿಯ ಮುಂದೆ ಒಂದು ಗಳಿಗೆ ನಿಂತು ಯೋಚಿಸುತ್ತದೆ. ಮದುವೆಯಾದ ಹೊಸತರಲ್ಲಿ ಅವಳ ಮೇಲೆಯೇ ಒಂದು ಕವಿತೆ ಬರೆದು ಕೈಗಿತ್ತಿದ್ದೆ. ಹಿಂದೆ ಮುಂದೆ ತಿರುಗಿಸಿ ನೋಡಿ, ಸಾಲು ಮುರಿಯದೆ ಬರೆದಿದ್ದರೆ ಅರ್ಧ ಹಾಳೆ ಉಳಿಯುತ್ತಿತ್ತು ಎಂದಳು. ಅಂದಿನಿಂದ ಇಂದಿನವರೆಗೆ ನನ್ನ ಧರ್ಮಪತ್ನಿಯ ವಿಮರ್ಶೆಯಲ್ಲಿ ಯಾವ ಬೆಳವಣಿಗೆಯೂ ಆಗಿಲ್ಲ.

ಹೆತ್ತೂರಿನ ಹತ್ತಿರ ನಮ್ಮದೊಂದು ಕಾಫಿ ತೋಟವಿದೆ. (ಎಸ್ಟೇಟ್ ಎನ್ನುವಷ್ಟು ದೊಡ್ಡದಲ್ಲ. ಎಸ್ಟೇಟಿನವರು ದಾರಿ ತಪ್ಪಿ ಬಂದರೆ ಅವರ ಕಾರು ತಿರುಗಿಸಲು ನಮ್ಮ ಕಣದ ತುದಿಯ ಹೂಕುಂಡ ಎತ್ತಿಡಬೇಕು.) ತೋಟ ನೋಡಿಕೊಳ್ಳುವುದು ಹೇಮಶ್ರೀ. ತೋಟವನ್ನು ನೋಡುವುದು ನಾನು. ನೋಡಿ ಬಂದು ಬರೆಯುತ್ತೇನೆ. ಇಷ್ಟು ವರ್ಷಗಳಲ್ಲಿ ನನಗಿದ್ದದ್ದು ಎರಡೇ ಆಸೆ. ಸಕಲೇಶಪುರದಲ್ಲಿ ಪ್ರತಿ ಯುಗಾದಿಗೆ ನಡೆಯುವ ಕವಿಗೋಷ್ಠಿಯ ವೇದಿಕೆ ಹತ್ತಬೇಕು ಎನ್ನುವುದು ಒಂದು. ಇವಳ ಬಾಯಲ್ಲಿ ಒಮ್ಮೆಯಾದರೂ "ಇದು ಕವಿತೆ" ಅನ್ನಿಸಬೇಕು ಎನ್ನುವುದು ಇನ್ನೊಂದು. ಮೊದಲನೆಯದು ಈಡೇರಿದರೆ ಎರಡನೆಯದೂ ಈಡೇರೀತು ಎಂಬ ಭ್ರಮೆ ಬೇರೆ.

ವೇದಿಕೆಯ ಬೀಗದ ಕೈ ಇರುವುದು ಸಿದ್ದಬಸಪ್ಪ ಮೇಷ್ಟ್ರ ಹತ್ತಿರ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಪ್ರತಿ ವರ್ಷವೂ ನಾನು ಕವಿತೆಗಳ ಕಟ್ಟು ಒಯ್ದು ಕೊಡುವುದು, ಅವರು ಕನ್ನಡಕ ಏರಿಸಿ, ಇಳಿಸಿ, ನಿಟ್ಟುಸಿರು ಬಿಡುವುದು ನಡೆದು ಬಂದ ಪದ್ಧತಿ. ಈ ಸಲ ಅವರು ನಿಟ್ಟುಸಿರಿನ ಜೊತೆಗೆ ಒಂದು ಉಪನ್ಯಾಸವನ್ನೂ ಕೊಟ್ಟರು. ಗದ್ಯ ಬೇರೆ, ಕವಿತೆ ಬೇರೆ, ಕಾವ್ಯ ಎನ್ನುವುದು ಇನ್ನೂ ಬೇರೆಯಂತೆ. ಕಾವ್ಯ ಲೋಕದಲ್ಲೆಲ್ಲ ಹರಡಿಕೊಂಡಿರುತ್ತದಂತೆ, ಕವಿತೆ ಅದರಲ್ಲಿ ಒಂದು ಹಿಡಿಯನ್ನು ಹಿಡಿದಿಡುತ್ತದಂತೆ. ನನ್ನ ಬರಹದಲ್ಲಿ ಚಂದ್ರ, ಕೋಗಿಲೆ, ವಿರಹ ಎಲ್ಲವೂ ಇವೆ, ಹೆತ್ತೂರು ಒಂದಿಲ್ಲ ಎಂದರು. ನಿಮ್ಮ ನೆಲದ ಮಾತು ತನ್ನಿ, ನಿಮ್ಮವರು ದಿನಾ ಆಡುವ ಮಾತು ತನ್ನಿ ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಮನೆಗೆ ಬಂದು ಹೇಮಶ್ರೀಯ ಮುಂದೆ ಇದನ್ನೆಲ್ಲ ತೋಡಿಕೊಂಡೆ. ಮೂರೂ ಬೇರೆ ಹೇಗಾಗುತ್ತವೆ ಎಂಬುದು ನನ್ನ ದುಃಖ. ಅವಳು ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದಳು.

"ಅದ್ರಲ್ಲಿ ತಿಳೀದೆ ಇರೋದು ಏನೈತೆ? ಘಮ ಪಕ್ಕದ್ ಮನೆಯಿಂದ್ಲೂ ಬರ್ತೈತೆ. ಕುಡೀಬೇಕು ಅಂದ್ರೆ ಲೋಟ ಬೇಕು. ನಿಮ್ದು ಬರೀ ಲೋಟ ಕಣ್ರೀ."

ಆ ರಾತ್ರಿ ಊಟ ಸೇರಲಿಲ್ಲ. (ಮುದ್ದೆ ಎರಡೇ ತಿಂದೆ.)

ಈಗ ನಮ್ಮ ಕಡೆಯ ಮಾರ್ಚ್ ತಿಂಗಳ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ರೋಬಸ್ಟಾ ಕಾಫಿ ಗಿಡ ಮೊಗ್ಗು ಹೊತ್ತು ಹೂಮಳೆಗೆ ಕಾಯುತ್ತದೆ. ಒಂದಿಂಚು ಬಿದ್ದರೆ ಸಾಕು, ತೋಟವೆಲ್ಲ ಬೆಳ್ಳಗೆ ಅರಳಿ ವರ್ಷದ ಫಸಲು ಕೂತಂತೆ. ಬೀಳದಿದ್ದರೆ ಕೆರೆಗೆ ಪಂಪು ಇಟ್ಟು ಸ್ಪ್ರಿಂಕ್ಲರಿನಲ್ಲಿ ನೀರು ಹೊಡೆಯಬೇಕು. ಇವೆರಡೂ ಅಲ್ಲದೆ ನಾಲ್ಕು ಹನಿ ಉದುರಿಸಿ ಹೋಯಿತೋ, ಕೆಟ್ಟಿತು. ಮೊಗ್ಗು ಅರ್ಧ ಬಾಯಿ ಬಿಟ್ಟು ನಿಂತು, ಮೇಲೆ ನೀರು ಸಿಗದೆ ಕಪ್ಪಾಗಿ ಉದುರುತ್ತದೆ. ಹೀಗಾಗಿ ಬೆಳಗಾದರೆ ಇಲ್ಲಿ ಯಾರೂ ಯಾರನ್ನೂ ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ. ಎಷ್ಟು ಸೆಂಟು ಎಂದು ಕೇಳುತ್ತಾರೆ. (ನೂರು ಸೆಂಟು ಮಳೆ ಬಿದ್ದರೆ ಒಂದಿಂಚು.) ಪ್ರತಿ ಮನೆಯ ಅಂಗಳದಲ್ಲೂ ಮಳೆ ಅಳೆಯುವ ರೈನ್ ಗೇಜ್ ಇದೆ, ಅದರ ಲೆಕ್ಕ ಹಾಕಲು ಫೋನಿನಲ್ಲಿ 'ಮಳೆ ಬಳಗ' ಎಂಬ ಗ್ರೂಪ್ ಇದೆ. ದೇವರ ಫೋಟೋ ನೋಡುವ ಮೊದಲು ಜನ ಅದನ್ನು ನೋಡುತ್ತಾರೆ.

ನಮ್ಮ ಗುಡ್ಡದ ನಾಲ್ಕು ಮನೆಯವರು ಸೇರಿ ಒಂದು ಪಂಪು, ಪೈಪು, ನೀರು ಚಿಮ್ಮಿಸುವ ಜೆಟ್ಟುಗಳ ಸೆಟ್ಟು ಇಟ್ಟುಕೊಂಡಿದ್ದೇವೆ. ಸರದಿಯ ಮೇಲೆ ತೋಟದಿಂದ ತೋಟಕ್ಕೆ ಹೋಗುತ್ತದೆ. ಅದಕ್ಕೊಂದು ಕಟ್ಟುಪಾಡು: ಯಾರ ತೋಟಕ್ಕೆ ಇಂಚು ಮಳೆ ಬಿತ್ತೋ ಅವರ ಸರದಿ ಮುಂದಿನವರಿಗೆ ಹೋಗುತ್ತದೆ. ಸರದಿಯನ್ನೂ ಗ್ರೂಪನ್ನೂ ನಡೆಸುವವರು ಮೇಲಿನ ತೋಟದ ತೋಟಪ್ಪಣ್ಣ. ಹಿರಿಯರು, ಮಾತು ಒರಟು, ಮನಸ್ಸು ಬೆಣ್ಣೆ. ಆ ವಾರ ಸರದಿ ನಮ್ಮದಿತ್ತು, ನಂತರದ್ದು ಅವರದು.

ನನಗೆ ಆ ದಿವ್ಯ ಆಲೋಚನೆ ಹೊಳೆದದ್ದು ಆಗಲೇ. ನಿಮ್ಮವರು ದಿನಾ ಆಡುವ ಮಾತು ತನ್ನಿ ಎಂದಿದ್ದರಲ್ಲ ಮೇಷ್ಟ್ರು? ನಮ್ಮವರು ದಿನಾ ಆಡುವುದು ಇಂಚು, ಸೆಂಟು. ಕವಿತೆಯನ್ನು ಯಾರೂ ಓದುವುದಿಲ್ಲ ಎಂಬ ಕೊರಗೂ ಇತ್ತಲ್ಲ? ಎಲ್ಲರೂ ಓದುವ ಜಾಗ ಅಂಗೈಯಲ್ಲೇ ಇತ್ತು. ಹೇಮಶ್ರೀ ಹಾಲು ಕರೆಯಲು ಹೋಗಿದ್ದಾಗ, ಬಾರದ ಮಳೆಯನ್ನು ಪ್ರೇಯಸಿಯನ್ನಾಗಿ ಕಲ್ಪಿಸಿಕೊಂಡು, ಬಿಕ್ಕುತ್ತ, ಮಳೆ ಬಳಗದಲ್ಲಿ ಹೀಗೆ ಹಾಕಿದೆ:

ಬಾಗಿಲು ತೆರೆದೇ ಮಲಗಿದ್ದೆ
ಬಂದಳು ಅವಳು ನಸುಕಿಗೆ ಮೊದಲು
ಹೆತ್ತೂರ ನಮ್ಮ ತೋಟದ ಮೇಲೆ
ಒಂದು ಇಂಚು ಇಪ್ಪತ್ತು ಸೆಂಟು
ನೆನೆಯಿತು ನೆಲ, ನಕ್ಕಿತು ಮೊಗ್ಗು

ಹಾಕಿ ಮುಗಿಸುವುದರೊಳಗೆ ಫೋನು ಕುಣಿಯತೊಡಗಿತು. ಹೆಬ್ಬೆರಳುಗಳು, ಮುಗಿದ ಕೈಗಳು, ಹೂಗಳು. ಒಬ್ಬರು ಸೂಪರ್ ಎಂದರು. ಇನ್ನೊಬ್ಬರು ಎಲ್ಲ ನಿಮ್ಮ ಪುಣ್ಯ ಎಂದರು. ಪಾಳ್ಯದ ಕಡೆಯವರೊಬ್ಬರು, ನಮಗೂ ಇಂಥದ್ದು ಒಂದು ಬರಬಾರದೇ ಎಂದು ಹಲುಬಿದ್ದರು. ಅವರೂ ಒಳಗೊಳಗೇ ಬರೆಯುವವರಿರಬೇಕು, ಪಾಪ, ಪ್ರಯತ್ನ ಬಿಡಬೇಡಿ ಎಂದು ಅವರಿಗೆ ಉತ್ತರ ಹಾಕಿದೆ. ತೋಟಪ್ಪಣ್ಣ ಸ್ವತಃ "ಭಾಳ ಸಂತೋಷ ಆಯ್ತು ಮಾರಾಯ" ಎಂದು ಬರೆದಿದ್ದರು. ನನ್ನ ಕಣ್ಣು ತುಂಬಿ ಬಂತು. ಇಡೀ ಗುಡ್ಡದಲ್ಲಿ ಇಷ್ಟು ಸಹೃದಯರಿದ್ದೂ ನಾನು ವೃಥಾ ಒಂಟಿಯಾಗಿ ನರಳಿದೆನಲ್ಲ ಅನ್ನಿಸಿತು.

ಮಧ್ಯಾಹ್ನ ಹೇಮಶ್ರೀ ಕೆರೆಯ ಕಡೆಯಿಂದ ಬಂದವಳು ಸೆರಗಿನಿಂದ ಮುಖ ಒರೆಸಿಕೊಳ್ಳದೆಯೇ ಕೇಳಿದಳು, ಪಂಪು ಎಲ್ಲಿ ಎಂದು. ತೋಟಪ್ಪಣ್ಣನ ಟ್ರ್ಯಾಕ್ಟರು ಬಂದು ಪಂಪು, ಪೈಪು, ಜೆಟ್ಟು ಎಲ್ಲವನ್ನೂ ಹೇರಿಕೊಂಡು ಹೋಗಿತ್ತು. ಅವಳು ಫೋನು ಮಾಡಿದಳು. ನಿಮಗೆ ಒಂದು ಇಂಚು ಇಪ್ಪತ್ತು ಬಿತ್ತಲ್ಲವ್ವ, ಇನ್ಯಾಕೆ ಪಂಪು ಎಂದು ಆ ಕಡೆಯಿಂದ ಕೇಳಿಸಿತು. ಹೇಮಶ್ರೀ ಅಂಗಳದ ರೈನ್ ಗೇಜ್ ನೋಡಿದಳು. ಅದರಲ್ಲಿ ಒಂದು ಒಣಗಿದ ಜೇಡ ಇತ್ತು. ಆಮೇಲೆ ನನ್ನನ್ನು ನೋಡಿದಳು.

ನಾನು ನಡೆದದ್ದನ್ನು ಹೇಳಿದೆ. ಆಮೇಲೆ ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಒಂದು ಮಾತು ಒಪ್ಪಬೇಕು, ಅದರಲ್ಲಿ ಲಯ ಇತ್ತು.

ಸಂಜೆ ತೋಟಪ್ಪಣ್ಣನ ಕಾಫಿ ಕಣದಲ್ಲಿ ಪಂಚಾಯ್ತಿ ಸೇರಿತು. ನಾಲ್ಕೂ ಮನೆಯವರು ಇದ್ದರು. ಅದು ಮಳೆಯ ಲೆಕ್ಕವಲ್ಲ, ಕವಿತೆ ಎಂದು ನಾನು ವಾದಿಸಿದೆ. ಕವಿತೆ ಅಂತ ಮೇಲೆ ಬರೆಯಬಾರದಿತ್ತೇ ಎಂದು ತೋಟಪ್ಪಣ್ಣ ಕೇಳಿದರು. ಹೆಸರು ಹಾಕಿಕೊಂಡು ಬರುವುದು ಕವಿತೆಯ ಜಾಯಮಾನವಲ್ಲ ಎಂದೆ. ರೈನ್ ಗೇಜಿನ ಲೆಕ್ಕ ಹಾಕೋ ಜಾಗದಲ್ಲಿ ಸೆಂಟು ಸಮೇತ ಹಾಕಿದ್ದನ್ನು ಲೆಕ್ಕ ಅನ್ನದೆ ಏನನ್ನಬೇಕು ಎಂದರು ಅವರು. ಕೊನೆಗೆ ತಿಳಿದವರೊಬ್ಬರು ಹೇಳಲಿ ಎಂದಾಯಿತು. ಕವಿತೆಯಾದರೆ ಸರದಿ ನನ್ನದು, ಗದ್ಯವಾದರೆ ಕೈಬಿಟ್ಟಂತೆ. ತೋಟಪ್ಪಣ್ಣ ಜೀಪು ಕಳಿಸಿ ಸಿದ್ದಬಸಪ್ಪ ಮೇಷ್ಟ್ರನ್ನೇ ಕರೆಸಿದರು. ಕನ್ನಡ ಸಾಹಿತ್ಯದ ಒಂದು ಮೂಲಭೂತ ಪ್ರಶ್ನೆಯ ಮೇಲೆ ನನ್ನ ವರ್ಷದ ಫಸಲು ನಿಂತಿತು.

ಆಗ ಯಾರೂ ಎಣಿಸದ್ದು ನಡೆಯಿತು. ಹೇಮಶ್ರೀ ಎದ್ದು ನಿಂತಳು.

"ಮೇಷ್ಟ್ರೇ, ಇದು ಕವಿತೆ. ಬಾಗ್ಲು ತೆರ್ದು ಮಲ್ಗಿದ್ರಂತೆ. ನಮ್ಮನೇಲಿ ಚಿಲ್ಕ ಹಾಕೋಳು ನಾನು. ಅವಳು ಯಾವಳೋ ನಸುಕಿಗೆ ಬಂದ್ಲಂತೆ. ಬಂದಿದ್ರೆ ನಾನು ಸುಮ್ನಿರ್ತಿದ್ನಾ? ಹುಡುಕುದ್ರೂ ಒಂದು ಮಾತು ನಿಜ ಇಲ್ಲ. ಇದು ಕವಿತೆ ಅಲ್ದೆ ಇನ್ನೇನು?"

ಯಾವ ಮಾತಿಗಾಗಿ ಇಷ್ಟು ವರ್ಷ ಬಾಯಿ ಬಿಟ್ಟುಕೊಂಡು ಕಾದಿದ್ದೆನೋ ಆ ಮಾತನ್ನು ಅವಳು ಊರವರೆದುರಿಗೆ ಆಡಿದ್ದಳು. ಆದರೆ ಅದು ಪಂಪಿನ ಮೇಲಿನ ಪ್ರೀತಿ, ನನ್ನ ಮೇಲಿನದಲ್ಲ.

ಮೇಷ್ಟ್ರು ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು. ಕೇಳಿದ ಪ್ರಶ್ನೆ ಒಂದೇ: ಇದನ್ನು ಓದಿದ ಮೇಲೆ ನೀವು ಏನು ಮಾಡಿದಿರಿ? ಟ್ರ್ಯಾಕ್ಟರ್ ತಗೊಂಡು ಹೋಗಿ ಪಂಪು ತಂದೆ ಎಂದರು ತೋಟಪ್ಪಣ್ಣ.

"ಓದಿದವನು ಎದ್ದು ಕೆಲಸಕ್ಕೆ ಹೊರಟರೆ ಅದು ಗದ್ಯ. ಮಾಡುವ ಕೆಲಸ ಮರೆತು ಕೂತಲ್ಲೇ ಕೂತುಬಿಟ್ಟರೆ ಅದು ಕವಿತೆ. ಇದನ್ನು ಓದಿ ಒಬ್ಬರೂ ಕೂತಿಲ್ಲ. ಯೋಗಾನಂದರೇ, ಇದು ಗದ್ಯ. ಬೇಜಾರು ಮಾಡಿಕೊಳ್ಳಬೇಡಿ, ಒಳ್ಳೆಯ ಗದ್ಯ."

ಹಾಗಾದರೆ ಕಾವ್ಯ ಎಂದರೇನು ಎಂದು ಯಾರೋ ಕೇಳಿದರು. ಅದು ಎಲ್ಲಿ ಬೇಕಾದರೂ ಇರಬಹುದು, ಈಗ ಹೇಮಶ್ರೀಯವರು ಬೈದರಲ್ಲ, ಅದರಲ್ಲೂ ಇತ್ತು ಎಂದು ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಹೀಗೆ ಕಾವ್ಯ ಹೆಂಡತಿಯ ಪಾಲಾಯಿತು, ಗದ್ಯ ನನ್ನ ಪಾಲಿಗೆ ಬಂತು, ಪಂಪು ತೋಟಪ್ಪಣ್ಣನ ಪಾಲಾಯಿತು. ನಮ್ಮ ಸರದಿ ಎಲ್ಲರದೂ ಮುಗಿದ ಮೇಲೆ ಎಂದು ತೀರ್ಮಾನವಾಯಿತು.

ಹೊರಡುವಾಗ ತೋಟಪ್ಪಣ್ಣ, ನನಗೆ ನೋವಾಗದ ಹಾಗೆ ಎಂದುಕೊಂಡೇ, ಗ್ರೂಪಿನಲ್ಲಿ ಒಂದು ಸೂಚನೆ ಹಾಕಿದರು. ಇನ್ನು ಮುಂದೆ ಯೋಗಾನಂದ ಏನೇ ಹಾಕಿದರೂ ಕವಿತೆ ಎಂದೇ ತಿಳಿಯುವುದು, ಆ ತೋಟದ ಮಳೆ ಲೆಕ್ಕವನ್ನು ಹೇಮಶ್ರೀ ಹಾಕುವುದು. ಮೇಷ್ಟ್ರನ್ನೂ ಗ್ರೂಪಿಗೆ ಸೇರಿಸಿಕೊಂಡರು, ಮುಂದೆ ತಕರಾರು ಬಂದರೆ ಇರಲಿ ಎಂದು. ಹೇಮಶ್ರೀ ಅದೇ ಗಳಿಗೆಯಲ್ಲಿ ಗ್ರೂಪಿನಿಂದ ಹೊರಬಿದ್ದಳು. ಇನ್ನು ಪಂಪಿನ ಮಾತು ನಿಮ್ಮದು, ನಾನಂತೂ ಆ ಮನೆ ಮೆಟ್ಟಿಲು ತುಳಿಯುವುದಿಲ್ಲ, ಫೋನೂ ಮಾಡುವುದಿಲ್ಲ ಎಂದು ದಾರಿಯಲ್ಲೇ ಹೇಳಿಬಿಟ್ಟಳು.

ಕೆಲವು ದಿನ ಕಳೆದು ನಿಜವಾದ ಮಳೆ ಬಂತು. ಗುಡುಗಿತು, ಮಿಂಚಿತು, ಮೋಡ ಕವಿಯಿತು. ನಾನು ಅಂಗಳದಲ್ಲಿ ಕೈ ಚಾಚಿ ನಿಂತೆ. ಟಪಟಪನೆ ನಾಲ್ಕು ಹನಿ ಉದುರಿಸಿ ಮೋಡ ಬಿಸಿಲೆ ಘಾಟಿಯ ಕಡೆ ಹೋಯಿತು. ರೈನ್ ಗೇಜಿನಲ್ಲಿ ಇಪ್ಪತ್ತು ಸೆಂಟು. ನನ್ನ ಕವಿತೆಯಲ್ಲಿದ್ದ ಇಂಚನ್ನು ಮೇಲೆಯೇ ಇಟ್ಟುಕೊಂಡು, ಸೆಂಟನ್ನು ಮಾತ್ರ ಚಾಚೂ ತಪ್ಪದೆ ಕಳಿಸಿದ್ದ ಭಗವಂತ. ಮಾರನೆಯ ದಿನ ನಮ್ಮ ಕೆಳಗಿನ ತೋಟಕ್ಕೆ ಹೋಗಿ ನೋಡಿದರೆ ಮೊಗ್ಗೆಲ್ಲ ಅರ್ಧ ಬಾಯಿ ಬಿಟ್ಟು ನಿಂತಿತ್ತು. ಹೇಮಶ್ರೀ ಒಂದು ಕೊಂಬೆ ಹಿಡಿದುಕೊಂಡು ಸುಮ್ಮನೆ ನಿಂತಳು, ಬೈಯಲೂ ಇಲ್ಲ. ಅವಳು ಬೈಯದಿದ್ದದ್ದಕ್ಕೇ ನನಗೆ ಭಯವಾಯಿತು.

ಪಂಪು ಆಗ ಯಾರ ತೋಟದಲ್ಲಿತ್ತೋ ನನಗೆ ಗೊತ್ತಿರಲಿಲ್ಲ. ತೋಟಪ್ಪಣ್ಣನನ್ನು ಕೇಳಲು ಮುಖವಿರಲಿಲ್ಲ. ಗ್ರೂಪಿನಲ್ಲೇ ಹಾಕಿದೆ. ಅಲಂಕಾರವಿಲ್ಲ, ಪ್ರೇಯಸಿಯಿಲ್ಲ, ಅಪ್ಪಟ ಗದ್ಯ. ಅಭ್ಯಾಸಬಲದಿಂದ ಹೆಬ್ಬೆರಳು ತಾನೇ ಸಾಲು ಮುರಿಯಿತು, ಅಷ್ಟೇ:

ನಿನ್ನೆ ಬಿದ್ದದ್ದು ಇಪ್ಪತ್ತೇ ಸೆಂಟು
ಮೊಗ್ಗು ಬಾಯಿ ಬಿಟ್ಟು ನಿಂತಿದೆ
ಅರಳಲಾರದು, ಮತ್ತೆ ಮುಚ್ಚಲಾರದು
ಹೆಂಡತಿ ಮಾತಾಡುತ್ತಿಲ್ಲ
ತಪ್ಪು ನನ್ನದು
ನೀರು ಇದ್ದವರು ಇತ್ತ ಕಳಿಸಿ
ನಾಳೆಯೊಳಗೆ

ಕಳಿಸುವ ಮೊದಲು ಹೇಮಶ್ರೀಗೆ ತೋರಿಸಿದೆ. ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಒಮ್ಮೆ ಓದಿ ಮುಗಿಸಿ ಮತ್ತೆ ಮೇಲಿನಿಂದ ಓದಿದಳು. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತು, ಅವಳಿಗೆ ಗೊತ್ತಾಗಲಿಲ್ಲ.

"ಚೆನ್ನಾಗೈತೆ ಕಣ್ರೀ," ಎಂದಳು ಮೆಲ್ಲಗೆ. "ಇದನ್ನ ನೋಡಿದ್ರೆ ಯಾರಾದ್ರೂ ಪಂಪು ಕಳಿಸ್ದೆ ಇರಾಕಿಲ್ಲ."

ಕಳಿಸಿದೆ. ಫೋನು ಮೊದಲಿನಂತೆ ಕುಣಿಯಲಿಲ್ಲ. ತಡವಾಗಿ, ಒಂದೊಂದಾಗಿ ಉತ್ತರಗಳು ಬಂದವು. ಕಣ್ಣಲ್ಲಿ ನೀರು ಬಂತು ಎಂದರು ಒಬ್ಬರು. ಈ ಸಲ ನಿಜವಾಗಿ ಬರೆದಿರಿ ಕವಿಗಳೇ ಎಂದರು ಇನ್ನೊಬ್ಬರು. ಪಾಳ್ಯದವರು, ಎಲ್ಲ ಸಂಸಾರದ ಕಥೆಯೂ ಇದೇ ಅಲ್ಲವೇ ಎಂದು ಉದ್ಗರಿಸಿದ್ದರು. ತೋಟಪ್ಪಣ್ಣ ಏನೂ ಬರೆಯದೆ ಎರಡು ಕೈ ಮುಗಿದಿದ್ದರು. ಅದನ್ನು ಹೇಮಶ್ರೀಗೆ ತೋರಿಸಿದಾಗ ಅವಳ ಮುಖ ಕಪ್ಪಿಟ್ಟಿತು. ಓದಿ ಕೈ ಮುಗಿದರು ಅಂದರೆ ಆಗಲ್ಲ ಅಂತ ಅರ್ಥ, ಇನ್ನು ಅವರನ್ನು ಕೇಳಿದರೆ ನನ್ನಾಣೆ ಎಂದಳು.

ಅಷ್ಟರಲ್ಲಿ ಮೇಷ್ಟ್ರ ಫೋನು ಬಂತು. ಸ್ನಾನಕ್ಕೆ ಹೊರಟವರು ಓದಿ ಕೂತಲ್ಲೇ ಕೂತುಬಿಟ್ಟರಂತೆ. ಹಂಡೆಯ ನೀರು ತಣ್ಣಗಾಯಿತಂತೆ. ಕೊನೆಗೂ ಕವಿತೆ ಬರೆದಿರಿ ಯೋಗಾನಂದರೇ, ಯುಗಾದಿಯ ಗೋಷ್ಠಿಯಲ್ಲಿ ಕೊನೆಯ ಕವಿ ನೀವು, ಇದನ್ನೇ ಓದಬೇಕು ಎಂದರು.

ಇದು ಕವಿತೆಯಲ್ಲ ಸ್ವಾಮಿ, ಪಂಪು ಕೇಳಿದ್ದು ಎಂದು ಹೇಳಲು ಬಾಯಿ ತೆರೆದೆ. ದೇವರಾಣೆಗೂ ತೆರೆದೆ. ಬಾಯಿಂದ ಬಂದ ಮಾತು ಮಾತ್ರ, "ಎಲ್ಲ ತಮ್ಮ ಆಶೀರ್ವಾದ."

ಆಮೇಲಿನ ದಿನಗಳನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಅದು ಪಂಪಿನ ಮಾತು ಎಂದು ಗ್ರೂಪಿನಲ್ಲಿ ಇನ್ನೊಮ್ಮೆ ಬರೆದರೆ ಸಾಕಿತ್ತು. ಆದರೆ ಮೇಷ್ಟ್ರೂ ಗ್ರೂಪಿನಲ್ಲಿದ್ದರಲ್ಲ, ಬರೆದ ಗಳಿಗೆಗೆ ನಾನು ಮತ್ತೆ ಗದ್ಯಕ್ಕೆ ಬೀಳುತ್ತಿದ್ದೆ. ಬೆಳಿಗ್ಗೆ ಹೇಳೋಣ ಎಂದುಕೊಂಡೆ, ಬೆಳಿಗ್ಗೆಯಾದ ಮೇಲೆ ಸಂಜೆ ಹೇಳೋಣ ಎಂದುಕೊಂಡೆ. ಪಂಪು ಬರುತ್ತದಾ ಎಂದು ಹೇಮಶ್ರೀ ಕೇಳಿದಾಗಲೆಲ್ಲ ಬರುತ್ತದೆ ಎಂದೆ. ಮೊಗ್ಗು ಕಂದಿತು, ಕಪ್ಪಾಯಿತು, ಗಾಳಿಗೆ ಉದುರಿತು. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ಮನೆಯ ಹಿಂದಿನ ನಮ್ಮ ಮೇಲಿನ ತುಂಡಿಗೆ ಬಕೆಟ್ಟು, ಹೋಸ್ ಪೈಪು ಹಿಡಿದು ತಾನೇ ಒಂದಷ್ಟು ಗಿಡ ಉಳಿಸಿಕೊಂಡಳು. ಕೆಳಗಿನ ತೋಟ ಪೂರ್ತಿ ಹೋಯಿತು.

ಯುಗಾದಿ ಬಂತು. ಬೇವು ನಮ್ಮ ಮನೆಯಲ್ಲಿ ಆ ವರ್ಷ ಬೇರೆ ತರಬೇಕಿರಲಿಲ್ಲ. ಆದರೂ ಹೇಮಶ್ರೀ ರೇಷ್ಮೆ ಸೀರೆ ಉಟ್ಟು ಬಂದಳು. ಸಭೆ ತುಂಬಿತ್ತು, ಮಳೆ ಬಳಗದ ಅರ್ಧಕ್ಕರ್ಧ ಜನ ಬಂದಿದ್ದರು, ಮುಂದಿನ ಸಾಲಿನಲ್ಲಿ ಹೇಮಶ್ರೀಯಿಂದ ಎರಡು ಕುರ್ಚಿ ಬಿಟ್ಟು ತೋಟಪ್ಪಣ್ಣ ಕೂತಿದ್ದರು. ನನ್ನ ಸರದಿ ಬಂತು. (ಸರದಿ ಎಂಬ ಮಾತು ಕೇಳಿದರೆ ಈಗಲೂ ಸುತ್ತ ಪಂಪು ಹುಡುಕುತ್ತೇನೆ.) ಓದಿದೆ. ಮೊಗ್ಗು ಉದುರಿ ಹೋದ ಮೇಲೆ ಓದಿದ್ದರಿಂದಲೋ ಏನೋ, "ತಪ್ಪು ನನ್ನದು" ಎನ್ನುವ ಸಾಲನ್ನು ಅರಿವಿಲ್ಲದೆ ಎರಡು ಸಲ ಓದಿದೆ. ಸಭೆಯಲ್ಲಿ ಒಬ್ಬರೂ ಅಲ್ಲಾಡಲಿಲ್ಲ. ಮುಗಿದ ಮೇಲೂ ಒಂದು ಗಳಿಗೆ ಎಲ್ಲರೂ ಕೂತಲ್ಲೇ ಕೂತಿದ್ದು, ಆಮೇಲೆ ಚಪ್ಪಾಳೆ ಹೊಡೆದರು. ಮೇಷ್ಟ್ರು ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ನನ್ನನ್ನು ತಬ್ಬಿಕೊಂಡರು.

ವೇದಿಕೆಯಿಂದ ಇಳಿದಾಗ ತೋಟಪ್ಪಣ್ಣ ದಾರಿಗೆ ಅಡ್ಡ ಬಂದರು. ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಕರುಳು ಕಿವುಚ್ಬುಟ್ಟೆ ಮಾರಾಯ. ಫೋನ್‌ನಾಗೆ ಓದ್ದಾಗ್ಲೂ ಕೈ ಮುಗ್ದಿದ್ದೆ. ಅಲ್ಲಾ, ಈಗ ನಿಮ್ ಕೆಳಗಿನ ತೋಟ ನೋಡ್ಕೊಂಡೇ ಬಂದೆ, ಪೂರ್ತಿ ಹೋಗ್ಬುಟ್ಟೈತಲ್ಲ. ಎಲ್ಲರ್ದೂ ಮುಗ್ದು ಪಂಪು ನಮ್ ಸ್ಟೋರ್‌ನಾಗೆ ಸುಮ್ನೆ ಬಿದ್ದಿತ್ತು ಕಣೋ. ಬೇಕು ಅಂತ ಗ್ರೂಪ್‌ಗೆ ಒಂದೇ ಒಂದು ಮಾತು ಹಾಕ್ಬಾರ್ದಿತ್ತಾ?"

ನಾನು ಹೇಮಶ್ರೀಯನ್ನು ನೋಡಿದೆ. ಅವಳು ತೋಟಪ್ಪಣ್ಣನನ್ನು ನೋಡಿದಳು, ನನ್ನ ಹೆಗಲ ಶಾಲನ್ನು ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು ಎಂದು ನನಗೆ ತಿಳಿಯಿತು. ಅವಳು ಬೈಯುವಳೆಂದು ಕಣ್ಣು ಮುಚ್ಚಿಕೊಂಡೆ. ಅವಳು ಮುಂದೆ ಬಂದು ನನ್ನ ಕೈಯಿಂದ ಹಣ್ಣಿನ ಬುಟ್ಟಿ ತೆಗೆದುಕೊಂಡಳು, ಎರಡು ಸೇಬು, ಮೂರು ಮೂಸಂಬಿ, ಒಂದು ಚಿಪ್ಪು ಬಾಳೆಹಣ್ಣು, ಎಲ್ಲವನ್ನೂ ಸಾವಕಾಶವಾಗಿ ನೋಡಿದಳು.

"ಜೋಪಾನವಾಗಿ ತಗೊಂಡೋಗಣ ಬನ್ನಿ," ಎಂದಳು. "ಈ ವರ್ಷ ಕೆಳಗಿನ ತೋಟದ ಹಣ್ಣು ಇಷ್ಟೇ."